ತಿಮಿಂಗಿಲಗಳ ಸದ್ದು, ಅಪ್ಪನ ಕಿವಿ

ಅಪ್ಪನ ಕಿವಿ ಒಮ್ಮೆಲೇ ಹೋಗಲಿಲ್ಲ. ಕಲಬುರಗಿ ಕಡೆಯಿಂದ ಮರಾಠಿ ಸೀಮೆಯ ಪಿಂಪ್ರಿಗೆ ಬಂದವನು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ, ತಗಡು ಒತ್ತುವ ಯಂತ್ರದ ಮುಂದೆ ನಿಂತೇ ಆಯುಷ್ಯ ಕಳೆದ. ಮೊದಲು ಬಾಗಿಲ ಗಂಟೆ ಕೇಳಿಸದಾಯಿತು, ಆಮೇಲೆ ಕುಕ್ಕರಿನ ಸೀಟಿ. ನಿವೃತ್ತಿಯ ಹೊತ್ತಿಗೆ ನನ್ನ ದನಿಯೂ ಕೇಳಿಸುತ್ತಿರಲಿಲ್ಲ. ಕಿವಿಗೆ ಹಾಕುವ ಮಷೀನು ತಂದುಕೊಟ್ಟೆ. "ಇದನ್ನ ಹಾಕ್ಕೊಂಡ್ರ ಮತ್ತ ಕಾರ್ಖಾನ್ಯಾಗ ನಿಂತಂಗ ಆಗ್ತದವ್ವಾ" ಅಂತ ತೆಗೆದಿಟ್ಟ. ಅವ್ವನ ತುಟಿ, ನನ್ನ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಹೊರಗಿನವರ ಮರಾಠಿಗೆ ಮಾತ್ರ ಸುಮ್ಮನೆ ತಲೆಯಾಡಿಸುತ್ತಿದ್ದ, ತಿಳಿಯಲಿ ಬಿಡಲಿ.

ನನ್ನ ಕೆಲಸ ಇಡೀ ದಿನ ಕಿವಿಗೊಟ್ಟು ಕೂರುವುದು. ತಿಮಿಂಗಿಲಗಳು ಒಂದಕ್ಕೊಂದು ಏನು ಹೇಳುತ್ತವೆ ಎಂದು ಕೃತಕ ಬುದ್ಧಿಮತ್ತೆಯಿಂದ ತಿಳಿಯಲು ಹೊರಟ ತಂಡವೊಂದಕ್ಕೆ ನಾನು ಮನೆಯಿಂದಲೇ ದುಡಿಯುತ್ತೇನೆ. ಸಮುದ್ರದೊಳಗೆ ಮೈಕು ಇಳಿಬಿಟ್ಟು ಹಿಡಿದ ಸದ್ದು ನನ್ನ ಕಂಪ್ಯೂಟರಿಗೆ ಬರುತ್ತದೆ. ಟಕ್ ಟಕ್ ಎನ್ನುವ ಬಡಿತಗಳ ಗೊಂಚಲು. ಯಾವುದು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಯಾವ ತಿಮಿಂಗಿಲದ್ದು ಎಂದು ನಾನು ಗುರುತು ಹಾಕಬೇಕು. ಆ ಗುರುತುಗಳನ್ನು ನೋಡಿ ನೋಡಿ ಯಂತ್ರ ಕಲಿಯುತ್ತದೆ.

ಒಂದು ಮಧ್ಯಾಹ್ನ ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಪರದೆಯ ಮೇಲಿನ ಗೆರೆಗಳನ್ನು ನೋಡಿ, "ಇದೇನು, ಇಸಿಜಿ ಏನು?" ಎಂದು ಕೇಳಿದ.

ನಾನು ಅವನ ಕಡೆ ತಿರುಗಿ ನಿಧಾನ ಹೇಳಿದೆ. "ತಿಮಿಂಗಿಲ ಮಾತಾಡೂದಪ್ಪಾ. ಇದು ಒಂದರದು. ಇದು ಇನ್ನೊಂದರದು."

"ಏನಂತಾವ?"

"ಇನ್ನೂ ಯಾರಿಗೂ ಗೊತ್ತಿಲ್ಲ."

ಅವನಿಗೆ ನಗು ಬಂತು. ಆ ದಿನದಿಂದ ಊಟವಾದ ಮೇಲೆ ಬಂದು ಕೂರುವುದು ರೂಢಿಯಾಯಿತು. ನಾನು ಸ್ಪೀಕರ್ ಹಚ್ಚುತ್ತಿದ್ದೆ, ಅವನು ಅದರ ಮೇಲೆ ಅಂಗೈ ಇಡುತ್ತಿದ್ದ. ಬಡಿತ ಕೈಗೆ ತಾಕಿದಾಗ ನನ್ನ ಮುಖ ನೋಡುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೂ ಒಂದೇ ಸದ್ದನ್ನು ಹಂಚಿಕೊಂಡು ಕೂತಿದ್ದೆವು.

ಒಮ್ಮೆ ಪರದೆ ತುಂಬ ಕಪ್ಪಾಯಿತು. ಬಡಿತದ ಗೆರೆ ಒಂದೂ ಕಾಣಲಿಲ್ಲ.

"ಹಾಳಾತೇನು?"

"ಇಲ್ಲಪ್ಪಾ. ಹಡಗು ಹೊಂಟದ. ಎಂಜಿನ್ ಸಪ್ಪಳ ಎಲ್ಲಾ ಮುಚ್ಚಿಬಿಟ್ಟದ."

"ಅಷ್ಟೊತ್ತು ಅವಕ್ಕೂ ಒಂದರದು ಒಂದಕ್ಕ ಕೇಳಸಂಗಿಲ್ಲೇನು?"

"ಕೇಳಸಂಗಿಲ್ಲ."

ಅಪ್ಪ ಸ್ಪೀಕರಿನ ಮೇಲಿನ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಪಾಪ" ಅಂದ. ಎದ್ದು ಹೋದ.

ಆ ಚಳಿಗಾಲದಲ್ಲಿ ಅವನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಎಲ್ಲರ ಬಾಯಿಗೂ ಮಾಸ್ಕು. ಡಾಕ್ಟರು, ನರ್ಸು ಮರಾಠಿಯಲ್ಲಿ ಏನೋ ಕೇಳುವರು, ಅಪ್ಪ ಆ ಬಟ್ಟೆಯನ್ನೇ ನೋಡುತ್ತ ತಲೆಯಾಡಿಸುವನು. ನೋವಿದೆಯಾ ಎಂದರೂ ಹೂಂ, ಇಲ್ಲವಾ ಎಂದರೂ ಹೂಂ. ಅಪ್ಪನಿಗೆ ಕೇಳಿಸುವುದಿಲ್ಲ ಎಂದು ನಾನು ಪಾಳಿ ಬದಲಾದಾಗಲೆಲ್ಲ ಹೊಸಬರಿಗೆ ಹೇಳುತ್ತಿದ್ದೆ. ಮೊಬೈಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ತೋರಿಸುತ್ತಿದ್ದೆ. ಮೊದಮೊದಲು ಓದಿದ. ಆಮೇಲೆ ಕಣ್ಣು ನಿಲ್ಲದಾಯಿತು.

ಕೊನೆಯ ಸಲ ಐಸಿಯು ಒಳಗೆ ಬಿಟ್ಟಾಗ ನಾನು ಮಾಸ್ಕು ಕೆಳಗೆ ಸರಿಸಿ ಅವನ ಕಿವಿಗೆ ಬಾಯಿ ಹಚ್ಚಿದೆ. "ನಾ ಇಲ್ಲೇ ಅದೀನಪ್ಪಾ."

"ಏನಂದಿ?"

"ಇಲ್ಲೇ ಅದೀನಿ. ಎಲ್ಲಿಗೂ ಹೋಗಂಗಿಲ್ಲ."

ಅಪ್ಪ ತಲೆಯಾಡಿಸಿದ. ನರ್ಸಿಗೆ ಆಡಿಸಿದ ಹಾಗೆಯೇ. ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮರುದಿನ ಬೆಳಗ್ಗೆ ಹೋಗಿಬಿಟ್ಟ.

ಅಪ್ಪನ ದಿನಕರ್ಮ ಮುಗಿಸಿ ಕೆಲಸಕ್ಕೆ ಕೂತೆ. ಯಂತ್ರ ಈಗ ಬಡಿತ ಕೇಳಿ ಇದು ಇಂಥ ತಿಮಿಂಗಿಲದ್ದು ಎಂದು ಹೇಳುತ್ತದೆ. ಮುಂದೆ ಎಂಥ ಬಡಿತ ಬರಬಹುದು ಎಂದು ಊಹಿಸುತ್ತದೆ, ಬಹಳ ಸಲ ಅದು ಸರಿಯೂ ಇರುತ್ತದೆ. ತಂಡದವರು ವಿಡಿಯೋ ಕರೆಯಲ್ಲಿ ಸಂಭ್ರಮಪಟ್ಟರು. ನಾನೂ ಚಪ್ಪಾಳೆ ತಟ್ಟಿದೆ. ಅರ್ಥ ಮಾತ್ರ ಇನ್ನೂ ಸಿಕ್ಕಿಲ್ಲ. ಹೊಸ ಹೊಸ ಸದ್ದು ಬರುತ್ತಲೇ ಇದೆ, ನಾನು ಗುರುತು ಹಾಕುತ್ತಲೇ ಇದ್ದೇನೆ.

ಅಡುಗೆಮನೆಯಿಂದ ಅವ್ವ ಈಗಲೂ ಕೂಗಿಯೇ ಮಾತಾಡುತ್ತಾಳೆ. ಅಪ್ಪನಿಗಾಗಿ ಏರಿಸಿಕೊಂಡ ದನಿ ಇಳಿಯಲೊಲ್ಲದು. ಮೊನ್ನೆ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, ಜಗಳವೇನೋ ಎಂದು ವಿಚಾರಿಸಿದಳು. ಹಾಗೇನಿಲ್ಲ ಎಂದು ನಾನೇ ಕಳಿಸಿದೆ. ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಬಂದು, "ಇನ್ನ ಮ್ಯಾಲ ಸಣ್ಣಗ ಮಾತಾಡ್ತೀನಿ ತಗೋ" ಅಂದಳು. ಅದನ್ನೂ ಕೂಗಿಯೇ ಹೇಳಿದಳು. ಆಮೇಲೆ ಅವಳಿಗೇ ಅದು ಕೇಳಿಸಿರಬೇಕು. ಸೋಫಾದ ತುದಿಯಲ್ಲಿ ಕೂತು, ಅಪ್ಪ ನನ್ನ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದ ಕುರ್ಚಿಯನ್ನು ನೋಡಿದಳು.