ಒಂದು ರಿಂಗು, ಒಂದು ಸೀಟು

ಸಿಟ್ಟು ಬಂದರೆ ಪಂಚಶೀಲಾ ಕೂಗಾಡುವವಳಲ್ಲ, ಕೂದಲನ್ನು ಬಿಗಿದು ಗಂಟು ಕಟ್ಟುತ್ತಾಳೆ. ಆ ಗುರುವಾರ ಸೂರ್ಯಕಾಂತ ಅವರ ಫೋನು ಮುಗಿಯುವಷ್ಟರಲ್ಲಿ ಗಂಟು ಬಿದ್ದಾಗಿತ್ತು. ಇವತ್ತು ನನ್ನ ಮಧ್ಯಾಹ್ನದ ಊಟಕ್ಕೆ ಕಲ್ಲು ಬಿತ್ತು ಎಂದುಕೊಂಡೆ.

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಔಷಧದ ಅಂಗಡಿಯ ಮಾಳಿಗೆ ಮೇಲೆ ನಮ್ಮ ಎರಡು ಖೋಲಿಯ ಆಫೀಸು. ಮೊಬೈಲ್ ಆ್ಯಪ್ ಮಾಡುವುದು ನಮ್ಮಿಬ್ಬರ ಕೆಲಸ. ಸೂರ್ಯಕಾಂತ ಅವರು ಒಂದು ಟ್ರಸ್ಟಿನ ಗಾಡಿ ನೋಡಿಕೊಳ್ಳುವವರು. ಸುತ್ತಲಿನ ಊರುಗಳಿಂದ ಡಯಾಲಿಸಿಸ್‌ಗೆ ಬರುವವರನ್ನು ಆ ಗಾಡಿ ಕಲಬುರಗಿಗೆ ಪುಕ್ಕಟೆ ಕರೆತರುತ್ತದೆ. ಹಿಂದಿನ ದಿನ ಸಂಜೆ ನಮ್ಮ ಆ್ಯಪಿನಲ್ಲಿ 'ಸೀಟು ಬೇಕು' ಒತ್ತಿದರೆ ಸಾಕು, ಗಾಡಿ ಅವರ ಊರಿಗೆ ಹೋಗುತ್ತದೆ.

"ನಿಮ್ಮ ಕಮಲಾಪುರದ ಮಂದಿ ಸೀಟು ಹಿಡೀತಾರ, ಬರಂಗಿಲ್ಲ" ಎಂದಿದ್ದರು ಸೂರ್ಯಕಾಂತ. "ಗಾಡಿ ಸುಮ್ನ ನಿಂತು ಖಾಲಿ ಬರ್ತದ್ರೀ. ಸೋಮವಾರದಿಂದ ಆ ಸ್ಟಾಪ್ ಬಂದ್."

ಅದೇ ಹೊತ್ತಿಗೆ ಕಮಲಾಪುರದಿಂದ ಶಿವಕಾಂತಮ್ಮನ ದೂರು ಬೇರೆ. ಆ ಹಿರಿಯಾಕೆಗೆ ಆ್ಯಪ್ ಒತ್ತುವುದನ್ನು ಕಲಿಸಿಕೊಟ್ಟವಳು ಪಂಚಶೀಲಾಳೇ. ಒತ್ತಿದರೆ ಚಕ್ರ ತಿರುಗಿ ತಿರುಗಿ, 'ಸಮಯ ಮೀರಿತು, ನಿಮ್ಮ ವಿನಂತಿ ತಲುಪಲಿಲ್ಲ' ಎಂದು ಬರುತ್ತದಂತೆ. ಹಿಂದಿನ ವಾರ ಸೀಟಿಲ್ಲವೆಂದು ಆಕೆ ಮನೆಯಲ್ಲೇ ಉಳಿದು, ಡಯಾಲಿಸಿಸ್ ತಪ್ಪಿ ಮೈಯೆಲ್ಲ ಬಾತು, ಮರುದಿನ ಬಸ್ಸಿನಲ್ಲಿ ನಿಂತುಕೊಂಡೇ ಆಸ್ಪತ್ರೆಗೆ ಬಂದಿದ್ದಳು. ಸ್ಟಾಪ್ ನಿಂತರೆ ಇನ್ನು ಪ್ರತಿಸಲವೂ ಅದೇ ಪಾಡು.

"ಟವರ್ ಪ್ರಾಬ್ಲೆಮ್" ಎಂದೆ ನಾನು. ನಮ್ಮ ಕಸುಬಿನಲ್ಲಿ ಎಲ್ಲ ರೋಗಕ್ಕೂ ಅದೇ ಮದ್ದು.

"ಪ್ರೇರಣಾ, ಟವರ್ ಕಡೆ ಆಮ್ಯಾಲೆ ಬೊಟ್ಟು ತೋರಸು, ಮೊದಲು ನಮ್ಮದು ನೋಡೂಣು" ಎಂದಳು ಪಂಚಶೀಲಾ.

ಜವಾಬಿಗೆ ಕಾಯುವ ಹೊತ್ತನ್ನು ಕಾಲು ನಿಮಿಷದಿಂದ ಒಂದು ನಿಮಿಷಕ್ಕೆ ಏರಿಸಿದಳು. ಕಮಲಾಪುರದಲ್ಲಿ ಮತ್ತೆ ಅದೇ ಹಾಡು. ಆಮೇಲೆ ಸರ್ವರಿನ ದಾಖಲೆ ತೆಗೆದಳು. ನೋಡಿದರೆ, 'ತಲುಪಲಿಲ್ಲ' ಎಂದು ಆ್ಯಪ್ ಹೇಳಿದ ವಿನಂತಿಗಳೆಲ್ಲ ನೆಟ್ಟಗೆ ತಲುಪಿದ್ದವು. ಸೀಟು ಕೂಡ ಹಿಡಿದಾಗಿತ್ತು.

"ಹೋಗೂದು ಹೋಗ್ಯದ. ಜವಾಬು ತಿರುಗಿ ಮುಟ್ಟಿಲ್ಲ, ಅಷ್ಟ. ನಾವು 'ತಲುಪಲಿಲ್ಲ' ಅಂತ ಸುಳ್ಳು ಬರದೀವಿ. ಅದನ್ನ ನಂಬಿ ಅವರು ಮನ್ಯಾಗ ಕುಂತಾರ. ಸೂರ್ಯಕಾಂತ ಸರ್ ನೋಡಿದ್ರ, ಬರಲಿಲ್ಲ ಅಂತ ಅವರನ್ನ ಬೈತಾರ!"

ಈ 'ಬರಲಿಲ್ಲ' ಎಂಬ ಮಾತು ಅವಳಿಗೆ ಯಾಕೆ ಅಷ್ಟು ಚುಚ್ಚುತ್ತದೆಂದು ನನಗೆ ಗೊತ್ತು. ಅವಳಪ್ಪ ದಿಲೀಪ ನಂದೂರಿನ ಬೇಳೆ ಮಿಲ್ಲಿನಲ್ಲಿ ಚೀಲ ಹೊತ್ತವರು. ಒಮ್ಮೆ ಹಿಂದಿನ ಗೇಟಿನಲ್ಲಿ ಬೆವರು ಸುರಿಸಿ ಲಾರಿ ತುಂಬುತ್ತಿದ್ದಾಗ, ಮುಂದಿನ ಗೇಟಿನಲ್ಲಿ ಕೂಲಿಗಳ ಹಾಜರಿ ಕೂಗಿದ ಮುಕಾದಮ 'ಬಂದಿಲ್ಲ' ಎಂದು ಬರೆಸಿಬಿಟ್ಟ. ಹಿಂದೆ ಹೋಗಿ ಯಾರೂ ನೋಡಲಿಲ್ಲ. ಆ ಸಂಕಟವನ್ನು ಅವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಮಗಳು ಅದನ್ನು ಕೇಳುತ್ತಲೇ ಬೆಳೆದವಳು.

ಶುಕ್ರವಾರ ನನ್ನನ್ನೂ ಎಳೆದುಕೊಂಡು ಕಮಲಾಪುರದ ಬಸ್ಸು ಹತ್ತಿದಳು. ಇಳಿದವಳೇ ನನ್ನ ಫೋನನ್ನು ನನ್ನ ಮುಖಕ್ಕೇ ಹಿಡಿದಳು. ಸಿಗ್ನಲ್ ತುಂಬಿ ತುಳುಕುತ್ತಿತ್ತು. ಟವರಿನ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ಶಿವಕಾಂತಮ್ಮ ನಮ್ಮನ್ನು ಪಡಸಾಲೆಯಲ್ಲಿ ಕೂಡಿಸಿ, ಆ ಊರಿಗೆ ಹೆಸರು ತಂದ ಕೆಂಪು ಬಾಳೆಹಣ್ಣು ಕೊಟ್ಟಳು. "ನೀವು ತಿನ್ರವ್ವಾ. ನನಗ ಡಾಕ್ಟರ್ ಬ್ಯಾಡ ಅಂದಾರ. ಕಮಲಾಪುರದಾಗ ಇದ್ದು ಬಾಳಿಹಣ್ಣು ಬಿಟ್ಟಾಕಿ ನಾ ಒಬ್ಬಾಕಿನ ಇರಬೇಕು" ಎಂದು ನಕ್ಕಳು.

"ಆಯಿ, ದಿನಾ ಹೆಂಗ ಒತ್ತತೀರಿ, ಹಂಗ ಒಮ್ಮೆ ಒತ್ತಿ ತೋರಸ್ರಿ" ಎಂದಳು ಪಂಚಶೀಲಾ.

ಶಿವಕಾಂತಮ್ಮ ನೆಟ್ ಆನ್ ಮಾಡಿ 'ಸೀಟು ಬೇಕು' ಒತ್ತಿದಳು. ಚಕ್ರ ತಿರುಗಿದ್ದೇ ತಡ, ನೆಟ್ ಆಫ್ ಮಾಡಿ ಫೋನನ್ನು ಮಗ್ಗುಲಿಗೆ ಇಟ್ಟಳು.

"ಅಯ್ಯ, ಯಾಕ ಬಂದ್ ಮಾಡಿದ್ರಿ?"

"ಒತ್ತೂದು ಮುಗೀತಲ್ಲವ್ವಾ. ನೆಟ್ ಚಾಲೂ ಬಿಟ್ರ ಖಾಲಿ ಆಗ್ತದ. ನೀ ಏನು ಮನ್ಯಾಗ ಲೈಟ್ ಹಚ್ಚಿಟ್ಟ ಹೊರಗ ಹೋಗ್ತೀ? ನಮ್ಮ ಓಣ್ಯಾಗ ಎಲ್ಲಾರೂ ಹಿಂಗ ಮಾಡ್ತಾರ."

ಒಂದು ನಿಮಿಷ ಕಳೆದು ಪರದೆಯ ಮೇಲೆ ಬಂತು ನಮ್ಮ ಸುಳ್ಳು: ತಲುಪಲಿಲ್ಲ. ಇತ್ತ ಪಂಚಶೀಲಾಳ ಲ್ಯಾಪ್‌ಟಾಪಿನಲ್ಲಿ ಸೀಟು ಹಿಡಿದಿತ್ತು. ಆಗುತ್ತಿದ್ದುದೇನೆಂದು ಅವಳು ಮೆಲ್ಲಗೆ ಬಿಡಿಸಿ ಹೇಳಿದಳು. ಶಿವಕಾಂತಮ್ಮನ ಮುಖ ಬಾಡಿತು.

"ಅಂದ್ರ ಆವತ್ತು ಗಾಡಿ ಬಂದಿತ್ತಾ? ನನ್ನ ಸಲುವಾಗಿ ನಿಂತಿತ್ತಾ?"

ನಾನು ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟೆ.

ನೆಟ್ ಬಂದ್ ಮಾಡಬೇಡಿ ಎಂದು ಎಲ್ಲರಿಗೂ ಹೇಳಿದರಾಯಿತಲ್ಲ ಎಂದು ನಾನು ಪಂಚಶೀಲಾಳ ಕಿವಿಯಲ್ಲಿ ಊದಿದೆ. ಅವಳು ತಲೆ ಅಲ್ಲಾಡಿಸಿದಳು. "ಇದು ಅವರ ತಪ್ಪಲ್ಲ. ನೆಟ್ ಬಂದ್ ಇದ್ರೂ ಜವಾಬು ಮುಟ್ಟಬೇಕು. ಹೆಂಗ ಅನ್ನೂದ ಹೊಳೀವಲ್ದು."

ಅಷ್ಟರಲ್ಲಿ ಶಿವಕಾಂತಮ್ಮನ ಫೋನು ಒಂದೇ ಸಲ ರಿಂಗಾಗಿ ನಿಂತಿತು. ಆಕೆ ಎತ್ತಲೂ ಇಲ್ಲ, ನೋಡಲೂ ಇಲ್ಲ. "ಮಗಳು ಯಶೋಧರಾ. ಒಂದು ರಿಂಗು ಅಂದ್ರ ಕೆಲಸದಿಂದ ಮನಿ ಮುಟ್ಟ್ಯಾಳ" ಎಂದಳು.

ಪಂಚಶೀಲಾ ನನ್ನ ಕಡೆ ತಿರುಗಿದಳು. ಕೆಲಸಕ್ಕೆ ಇಳಿಯುವವಳಂತೆ ಅವಳ ಕೈ ಆಗಲೇ ಕೂದಲಿನ ಗಂಟನ್ನು ಬಿಗಿಯುತ್ತಿತ್ತು.

ಅಲ್ಲೇ ಕೂತು ಸೂರ್ಯಕಾಂತ ಅವರಿಗೆ ಫೋನು ಹಚ್ಚಿದಳು. "ಸೋಮವಾರ ಒಂದು ದಿನ ಗಾಡಿ ಕಳಸ್ರಿ ಸರ್. ಗಾಡಿಯೊಳಗ ನಾನೂ ಇರ್ತೀನಿ. ಖಾಲಿ ಬಂದ್ರ, ಸ್ಟಾಪ್ ನೀವು ಬಂದ್ ಮಾಡೂದು ಬ್ಯಾಡ, ನಾನ ಆ್ಯಪಿನಾಗಿಂದ ತೆಗೀತೀನಿ." ಅವರು ಗೊಣಗಿ ಒಪ್ಪಿದರು.

ಶನಿವಾರ, ರವಿವಾರ ಎಂದು ಅವಳು ನೋಡಲಿಲ್ಲ. 'ತಲುಪಲಿಲ್ಲ' ಅಳಿಸಿ 'ಜವಾಬು ಬಂದಿಲ್ಲ, ರಿಂಗಿಗೆ ಕಾಯಿರಿ' ಎಂದು ಬರೆದಳು. ಎಷ್ಟು ಸಲ ಒತ್ತಿದರೂ ಒಬ್ಬರಿಗೆ ಒಂದೇ ಸೀಟು ಹಿಡಿಯುವಂತೆ ಮಾಡಿದಳು. ಸೀಟು ಹಿಡಿದ ಕೂಡಲೇ ಸರ್ವರೇ ಆ ಫೋನಿಗೆ ಒಂದು ಮಿಸ್ ಕಾಲ್ ಕೊಡಬೇಕು. ಒಂದು ರಿಂಗು ಬಂತೆಂದರೆ ಸೀಟು ಪಕ್ಕಾ. ಇಷ್ಟನ್ನು ಕಮಲಾಪುರದ ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಿದಳು. ಕೊನೆಗೆ ಅವಳ ದನಿಯೇ ಬಿದ್ದುಹೋಯಿತು.

ಸೋಮವಾರ ಬೆಳಿಗ್ಗೆ ಗಾಡಿಯಲ್ಲಿ ಡ್ರೈವರ್ ತಾರಿಖ್‌ನ ಪಕ್ಕ ಅವಳು, ಹಿಂದೆ ನಾನು. ಕಮಲಾಪುರದ ಸ್ಟಾಪ್ ಕಣ್ಣಿಗೆ ಬಿತ್ತು. ಅಲ್ಲಿ ಯಾರೂ ಕಾಣಲಿಲ್ಲ. ತಾರಿಖ್ ರೂಢಿಯಂತೆ ಹಾರ್ನ್ ಹೊಡೆದ.

ಚಹಾ ಅಂಗಡಿಯ ನೆರಳಿನಿಂದ ಶಿವಕಾಂತಮ್ಮ ಎದ್ದಳು. ಅವಳ ಹಿಂದೆ ಇನ್ನೂ ಇಬ್ಬರು ಚೀಲ ಹಿಡಿದು ಎದ್ದರು.

"ಯಾವಾಗ ಬಂದ್ರಿ ಆಯಿ?" ಪಂಚಶೀಲಾ ಇಳಿದು ಕೈ ಹಿಡಿದಳು.

"ಹೊತ್ತು ಹುಟ್ಟೂದರಾಗ ಬಂದು ಕುಂತೀನಿ." ಆಕೆ ಫೋನು ತೆಗೆದು ತೋರಿಸಿದಳು. ನೆಟ್ ಬಂದ್ ಇತ್ತು. ಪರದೆಯ ಮೇಲೆ ಹಿಂದಿನ ಸಂಜೆಯ ಮಿಸ್ ಕಾಲ್ ಹಾಗೇ ಇತ್ತು. "ಇದನ್ನ ಅಳಸಿಲ್ಲ ನೋಡವ್ವಾ. ನಾಳೆ ನಾ ಬರಲಿಲ್ಲಂತ ಯಾರರ ಅಂದ್ರ, ಅವರ ಮುಂದ ಹಿಡೀತೀನಿ."

ಪಂಚಶೀಲಾ ಆಕೆಯನ್ನು ಕಿಟಕಿಯ ಪಕ್ಕ ಕೂಡಿಸಿದಳು. ಆಮೇಲೆ ಕೂದಲಿನ ಗಂಟು ಬಿಚ್ಚಿ, ಬಿದ್ದುಹೋದ ದನಿಯಲ್ಲೇ ಸೂರ್ಯಕಾಂತ ಅವರಿಗೆ ಫೋನು ಮಾಡಿದಳು.

"ಕಮಲಾಪುರದವರು ಬಂದಾರ್ರೀ."