ಹತ್ತು ಬೆರಳಿನ ಮಾವ

ನಮ್ಮ ಮಾವನವರ ಕೈಗಳಲ್ಲಿ ಹತ್ತೂ ಬೆರಳು ಇದ್ದವು. ಇದೇನು ಹೇಳುವಂಥ ಮಾತೇ ಎಂದು ಬೇರೆ ಊರಿನವರು ನಗಬಹುದು. ಬೆಂಗಳೂರಿನ ಪೀಣ್ಯದಲ್ಲಿ ತಗಡು ಕತ್ತರಿಸುವ ಪ್ರೆಸ್ ಶಾಪುಗಳಲ್ಲಿ ಮೂವತ್ತು ವರ್ಷ ಸವೆಸಿದವರ ಕೈ ನೋಡಿದವರು ನಗುವುದಿಲ್ಲ. ಅವರ ವಾರಿಗೆಯವರು ಮನೆಗೆ ಬಂದರೆ, ಕಾಫಿ ಲೋಟ ಹಿಡಿಯುವ ರೀತಿಯಲ್ಲೇ ಯಾರ ಯಾವ ಬೆರಳು ಹೋಗಿದೆ ಎಂದು ತಿಳಿಯುತ್ತಿತ್ತು. ಮಾವನವರದು ಉದ್ದನೆಯ ಬೆರಳು, ದಪ್ಪ ಗೆಣ್ಣು, ಉಗುರಿನ ಸಂದಿಯಲ್ಲಿ ನಿವೃತ್ತಿಯಾದ ಮೇಲೂ ಬಿಡದ ಗ್ರೀಸಿನ ಕಪ್ಪು. ನಾನು ಸೊಸೆಯಾಗಿ ಬಂದ ಮೊದಲ ವಾರವೇ ಅತ್ತೆ ಹೇಳಿದ್ದರು: "ಒಂದ್ ಉಗುರೂ ಕಿತ್ಕೊಂಡಿಲ್ಲ ಕಣಮ್ಮ ನಮ್ಮನೆಯವ್ರು. ಅಷ್ಟು ಹುಷಾರು." ಆ ಮಾತು ಬಂದಾಗಲೆಲ್ಲ ಮಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ಹೊಗಳಿಕೆಗೆ ಸಂಕೋಚ ಎಂದುಕೊಂಡಿದ್ದೆ.

ಅವರಿಗೊಂದು ಮಾತಿತ್ತು, "ಕೈ ತೆಗ್ದ್ಯಾ?" ಕಾರಿನ ಬಾಗಿಲು ಹಾಕುವ ಮುಂಚೆ, ಲಿಫ್ಟಿನ ಗುಂಡಿ ಒತ್ತುವ ಮುಂಚೆ, ಬೀರು ಮುಚ್ಚುವ ಮುಂಚೆ ಅದೇ ಮಾತು. ಬೆಳಿಗ್ಗೆ ನಾನು ಚಟ್ನಿಗೆ ಮಿಕ್ಸಿ ಹಾಕಿದರೂ ಹಜಾರದಿಂದ ಕೂಗಿ ಕೇಳುವರು. ಮುಚ್ಚಳ ಹಾಕಿದ ಮಿಕ್ಸಿಯೊಳಗೆ ಕೈ ಎಲ್ಲಿಂದ ಬರಬೇಕು? ಒಂಬತ್ತಕ್ಕೆ ದೊಡ್ಡನೆಕ್ಕುಂದಿಯ ಕಾರ್ಖಾನೆ ಮುಟ್ಟಬೇಕಾದ ಆತುರದಲ್ಲಿ ನನಗೆ ರೇಗುತ್ತಿತ್ತು. "ತೆಗ್ದೆ ಮಾವ, ಕತ್ತರಿಸಿ ಡಬ್ಬೀಲಿಟ್ಟಿದೀನಿ" ಎಂದು ಒಮ್ಮೆ ಅಂದುಬಿಟ್ಟೆ. ಅವರು ನಗಲಿಲ್ಲ. ಆ ಹೊತ್ತು ತಿಂಡಿಯನ್ನೂ ತಿನ್ನಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಸೂಪರ್‌ವೈಸರ್ ಆದ ಮೇಲೆ ಆಯುಧಪೂಜೆಯ ದಿನ ಅವರು ಎಂದೂ ಫ್ಯಾಕ್ಟರಿಗೆ ಹೋದವರಲ್ಲವಂತೆ. ಯಂತ್ರಕ್ಕೆ ಕುಂಕುಮ ಇಡುವುದು ಸೂಪರ್‌ವೈಸರ್ ಕೆಲಸ, ಇವರು ಮಾತ್ರ ಪ್ರತಿ ವರ್ಷ ಜ್ವರ ಎಂದು ಮಲಗಿಬಿಡುತ್ತಿದ್ದರು.

ನನ್ನ ಕೆಲಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಒಂದು ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿದ್ದೇನೆ. ಯಾರಿಗಾದರೂ ಏಟು ಬಿದ್ದರೆ ವರದಿ ಬರೆಯುವವಳು ನಾನು.

ಮೈದುನನಿಗೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯಲ್ಲಿ ಬಡ್ತಿ ಸಿಕ್ಕಿದಾಗ, ಮನೆಯವರನ್ನೆಲ್ಲ ಗೋವಾದ ಕ್ಯಾಸಿನೋಗೆ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದ. ಶನಿವಾರ ಹೋಗಿ ಭಾನುವಾರ ಬರುವುದು. ಅತ್ತೆಗೆ ಜೂಜೆಂದರೆ ಆಗದು, ಆದರೆ ವಿಮಾನ ಹತ್ತುವ ಆಸೆ ಇತ್ತು. ಮಾವ ಒಲ್ಲೆ ಎಂದರು. "ಒಂದ್ಸಲ ಬನ್ನಿ ಅಪ್ಪ, ಬರೀ ಮೆಷಿನ್ ನೋಡ್ಕೊಂಡೇ ಜೀವನ ಆಯ್ತು ನಿಮ್ದು" ಎಂದ ಮೈದುನ. ಪಾಪ, ಅಲ್ಲಿರುವುದೂ ಮೆಷಿನ್ನೇ ಎಂದು ಅವನಿಗೆ ಹೊಳೆದಿರಲಿಲ್ಲ.

ಚಪ್ಪಲಿ ಹಾಕಿದವರನ್ನು ಒಳಗೆ ಬಿಡುವುದಿಲ್ಲವೆಂದು ಪಣಜಿಯಲ್ಲಿ ಅವರಿಗೆ ಬಿಳಿ ಬೂಟು ಕೊಡಿಸಿದೆವು. ನದಿಯಲ್ಲಿ ನಿಂತ ಹಡಗಿಗೆ ಸಣ್ಣ ದೋಣಿಯಲ್ಲಿ ಕರೆದೊಯ್ದು, ಕೈಗೆ ಕಾಗದದ ಪಟ್ಟಿ ಸುತ್ತಿ ಒಳಗೆ ಬಿಟ್ಟರು. ಹೊರಗೆ ಮಧ್ಯಾಹ್ನದ ಉರಿಬಿಸಿಲು, ಒಳಗೆ ಕಿಟಕಿಯೇ ಇಲ್ಲ. ಅತ್ತೆ ಸಸ್ಯಾಹಾರದ ಊಟ ಎಲ್ಲಿದೆ ಎಂದು ಹುಡುಕಿಕೊಂಡು ನನ್ನ ಗಂಡನ ಜೊತೆ ಹೋದರು. ಮೈದುನ ಇಸ್ಪೀಟಿನ ಮೇಜಿಗೆ ಅಂಟಿಕೊಂಡ. ನಾನೂ ಮಾವನೂ ಸಾಲುಸಾಲು ಸ್ಲಾಟ್ ಮೆಷಿನ್‌ಗಳ ನಡುವೆ ಅಡ್ಡಾಡಿದೆವು. ಗುಂಡಿ ಒತ್ತಿದರೆ ಪರದೆಯ ಮೇಲೆ ಹಣ್ಣುಗಳ ಚಿತ್ರಗಳು ತಿರುಗುತ್ತವೆ, ಒಂದೇ ಥರದವು ಸಾಲಾಗಿ ನಿಂತರೆ ದುಡ್ಡು. ಅಷ್ಟೇ ಆಟ.

ಒಬ್ಬ ದಪ್ಪ ಮನುಷ್ಯ ಒಟ್ಟಿಗೆ ಎರಡು ಮೆಷಿನ್ ಆಡುತ್ತಿದ್ದ. ಒಂದಕ್ಕೆ ತನ್ನ ಕೈ. ಇನ್ನೊಂದರ ಗುಂಡಿಯ ಸಂದಿಗೆ ಹಲ್ಲುಕಡ್ಡಿ ಮುರಿದು ಸಿಕ್ಕಿಸಿದ್ದ. ಗುಂಡಿ ಒತ್ತಿದಂತೆಯೇ ಇತ್ತು, ಮೆಷಿನ್ ತನ್ನಷ್ಟಕ್ಕೆ ತಿರುಗುತ್ತಿತ್ತು. ಮಾವ ಅದನ್ನು ನೋಡುತ್ತ ನಿಂತರು. ನಾನು ಪಕ್ಕಕ್ಕೆ ತಿರುಗಿ ಏನೋ ಹೇಳುತ್ತಿದ್ದೆ. ಅಷ್ಟರಲ್ಲಿ ಅವರು ನುಗ್ಗಿ ಆ ಮನುಷ್ಯನ ರಟ್ಟೆ ಹಿಡಿದು ಹಿಂದಕ್ಕೆಳೆದು, ಕಡ್ಡಿ ಕಿತ್ತೆಸೆದರು. "ಕೈ ತೆಗಿ, ಕೈ ತೆಗಿ ಅಂತಿದೀನಿ" ಎಂದು ಕೂಗುತ್ತಲೇ ಇದ್ದರು. ಅವನು ಹಿಂದಿಯಲ್ಲಿ ಬಾಯಿಗೆ ಬಂದಂತೆ ಬೈದ. ಕಾವಲಿನವರು ಬಂದು ಮಾವನ ಎರಡೂ ತೋಳು ಹಿಡಿದುಕೊಂಡರು. ಮೈದುನ ಓಡಿಬಂದು ಎಲ್ಲರ ಕಾಲು ಹಿಡಿಯುವುದೊಂದು ಬಾಕಿ. "ಏನಪ್ಪಾ ಇದು, ಮಾನ ಕಳೀತೀರ" ಎಂದ. ನನಗೂ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ.

ಹಡಗಿನವರು ಮಾವನನ್ನು ದಡಕ್ಕೆ ಕಳಿಸಿಬಿಡಿ ಎಂದರು. ನಾನೇ ಜೊತೆಗೆ ಹೋದೆ. ನದಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆವು. ಕೈಯ ಪಟ್ಟಿಯನ್ನು ಸಣ್ಣಗೆ ಹರಿಯುತ್ತ ಅವರು ಹೇಳಿದ್ದು ಇಷ್ಟು.

ಪವರ್ ಪ್ರೆಸ್ಸಿಗೆ ಎರಡು ಗುಂಡಿ. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಇಳಿದು ತಗಡನ್ನು ಕತ್ತರಿಸುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಕೈ ಸಿಕ್ಕುವ ಮಾತೇ ಇಲ್ಲ. ಆದರೆ ಮಾಲು ಬೇಗ ಹೋಗಬೇಕಾದಾಗ ಒಂದು ಗುಂಡಿಗೆ ಕಟ್ಟಿಗೆಯ ಚೂರು ಸಿಕ್ಕಿಸಿಬಿಡುತ್ತಾರೆ. ಒಂದು ಕೈ ಬಿಡುವಾಗುತ್ತದೆ, ಕೆಲಸ ಎರಡರಷ್ಟು ಓಡುತ್ತದೆ. ಆಯುಧಪೂಜೆಗೆ ಎರಡು ದಿನ ಇರುವಾಗ, ಯಾದಗಿರಿ ಕಡೆಯಿಂದ ಬಂದಿದ್ದ ಒಬ್ಬ ಕೆಲಸಗಾರನ ಪ್ರೆಸ್ಸಿನ ಬಲಗುಂಡಿಗೆ ಮಾವನವರೇ ಚೂರು ಸಿಕ್ಕಿಸಿದರು. ಅರ್ಧ ಗಂಟೆಯಲ್ಲಿ ಅವನ ಬಲಗೈಯ ನಾಲ್ಕು ಬೆರಳು ಹೋದವು.

"ವಿಚಾರಣೆ ಬಂದಾಗ ಅವನೇ ಸಿಕ್ಕಿಸ್ಕೊಂಡಿದ್ದ ಅಂದೆ. ಓನರು ಹಂಗೇ ಹೇಳು ಅಂದ್ರು, ನಾನು ಹಂಗೇ ಅಂದೆ. ಆ ತಿಂಗಳೇ ನನ್ನ ಸೂಪರ್‌ವೈಸರ್ ಮಾಡಿದ್ರು ಕಣಮ್ಮ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ನೀನೂ ರಿಪೋರ್ಟ್ ಬರೀತೀಯಲ್ಲ. ಕೈ ಹೋದವನು ಆಸ್ಪತ್ರೇಲಿರ್ತಾನೆ. ಯಾರನ್ನ ಕೇಳಿ ಬರೀತೀಯ?"

"ಸೂಪರ್‌ವೈಸರ್‌ನ" ಎಂದೆ.

ಅವರು ತಲೆಯಾಡಿಸಿದರು, ಅಷ್ಟೇ. ಕೆಲಸಗಾರನ ಅಜಾಗರೂಕತೆ ಎಂದು ನಾನು ಬರೆದ ವರದಿಗಳೆಲ್ಲ ನೆನಪಾಗಿ, ಅಲ್ಲಿ ಕೂರಲು ನನಗೆ ಕಷ್ಟವಾಯಿತು.

ಬೆಂಗಳೂರಿಗೆ ಬಂದ ಮರುವಾರ, ಆ ಕೆಲಸಗಾರನನ್ನು ನೋಡಬೇಕು, ಜೊತೆಗೆ ಬಾ ಎಂದರು. ಹುಡುಕುವುದೇನೂ ಇರಲಿಲ್ಲ. ಅವನು ಅಲ್ಲೇ, ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ, ಒಂದು ಗೋದಾಮಿನ ಗೇಟು ಕಾಯುತ್ತಿದ್ದ. ಮಾವ ಇಷ್ಟು ವರ್ಷ ಸುತ್ತು ಹಾಕಿ ಹಾಲಿಗೆ ಹೋಗುತ್ತಿದ್ದುದು ನಡಿಗೆಯ ಹವ್ಯಾಸಕ್ಕಲ್ಲ ಎಂದು ಆಗ ತಿಳಿಯಿತು. ಅವನು ಎದ್ದುನಿಂತು ಎಡಗೈಯಲ್ಲಿ ಸಲಾಮು ಮಾಡಿದ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಮಾವ ಅವನು ಕೊಡಬಂದ ನೀರನ್ನೂ ಕುಡಿಯದೆ, ನಿಂತಲ್ಲೇ, ಚೂರು ಸಿಕ್ಕಿಸಿದ್ದು ನಾನು ಎಂದರು.

"ಗೊತ್ತೈತ್ರಿ ಸರ. ನೀವು ಸಿಕ್ಕಿಸಿದ್ದು ನಾ ನೋಡೀನಿ."

"ಮತ್ತೆ ಅವತ್ತು ಯಾಕಪ್ಪ ಹೇಳ್ಲಿಲ್ಲ?"

"ಹೇಳೀನ್ರಿ. ಯಾರು ಕೇಳ್ತಾರ? ನೀವು ಹೇಳ್ತೀರಿ ಅಂತ ಕಾಯ್ದೆ."

ಮಾವ ಕೈ ಮುಗಿದರು. ಅವನು ಬೇಡವೆನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವನು ಕೇಳಿದ್ದು ಒಂದೇ: "ಕುಡದು ಮಷಿನ್ ನಡಸಿ ಕೈ ಕಳಕೊಂಡ ಅಂತ ನಮ್ಮೂರಾಗ ಇವತ್ತಿಗೂ ಅಂತಾರ್ರಿ. ನನ್ನ ಹೇಣ್ತಿನೂ ಹಂಗ ತಿಳಕೊಂಡಾಳ. ಒಂದು ಹಾಳಿ ಮ್ಯಾಲ ಬರದು ಕೊಡ್ರಿ. ರೊಕ್ಕ ಬ್ಯಾಡ, ತೋರಸಾಕ ಬೇಕು."

ಮನೆಯಲ್ಲಿ ರಾಮಾಯಣವಾಯಿತು. "ಈ ವಯಸ್ಸಲ್ಲಿ ಸ್ಟೇಷನ್ ಮೆಟ್ಲು ಹತ್ತಿಸ್ಬೇಕಾ ನಮ್ಮನ್ನ?" ಎಂದು ಅತ್ತೆ ಅತ್ತರು. ಮೈದುನ, ನೀವು ಬರೆದುಕೊಟ್ಟರೆ ನಾಳೆ ಕೋರ್ಟಿಗೆ ಎಳೆಯುತ್ತಾರೆ ಎಂದ. ಮಾವ ಮಾತಾಡದೆ ಮೂರು ದಿನ ಬರೆದು, ಹರಿದು, ಮತ್ತೆ ಬರೆದು, ಕೊನೆಗೆ ಅರ್ಧ ಪುಟ ಮಾಡಿ ಸಹಿ ಹಾಕಿದರು. ಕೆಳಗೆ ಸಾಕ್ಷಿ ಎಂದು ಬರೆದು, ಒಂದು ಗೆರೆ ಎಳೆದು, ಪೆನ್ನನ್ನು ನನ್ನ ಕಡೆ ಚಾಚಿದರು.

ಫ್ಯಾಕ್ಟರಿ ಮಾಲೀಕರೆಲ್ಲ ಒಬ್ಬರಿಗೊಬ್ಬರು ಪರಿಚಯ. ಸೇಫ್ಟಿ ವಿಭಾಗದವಳೇ ಇಂಥದಕ್ಕೆ ಸಹಿ ಹಾಕಿದಳೆಂದರೆ ನನ್ನ ಕೆಲಸದ ಗತಿ? "ಆಮೇಲೆ ಹಾಕ್ತೀನಿ ಮಾವ" ಎಂದೆ. ಅವರು ಬಲವಂತ ಮಾಡಲಿಲ್ಲ. ಮರುದಿನ ಆ ಗೆರೆಯನ್ನು ಖಾಲಿ ಬಿಟ್ಟೇ ಕೊಟ್ಟು ಬಂದರು. ಆಮೇಲೆ ಹಾಲಿಗೆ ಸುತ್ತು ಹಾಕದೆ ಗೋದಾಮಿನ ಮುಂದೆಯೇ ಹೋಗುತ್ತಿದ್ದರು. ಸಹಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದೇ ಮನೆಯಲ್ಲಿ ಐದು ತಿಂಗಳು ಅವರ ಮುಖ ನೋಡಿಕೊಂಡು ಚಟ್ನಿ ರುಬ್ಬಿದೆ.

ಒಂದು ಬೆಳಿಗ್ಗೆ ಹಾಲು ತಂದಿಟ್ಟು, ಕುರ್ಚಿಯಲ್ಲಿ ಕೂತವರು ಮೇಲೇಳಲಿಲ್ಲ. ಡಾಕ್ಟರು ಹೃದಯ ಎಂದರು.

ಅಂಗಳದಲ್ಲಿ ಮಲಗಿಸಿದ್ದೆವು. ಬಂದವರು ಒಬ್ಬೊಬ್ಬರೇ ಬಾಯಿಗೆ ಅಕ್ಕಿಕಾಳು ಹಾಕುತ್ತಿದ್ದರು. ಅತ್ತೆ ಅವರ ಬೆರಳುಗಳನ್ನು ನೇವರಿಸುತ್ತ, ಒಂದೂ ಮುಕ್ಕಾಗದಂತೆ ಕಾಪಾಡ್ಕೊಂಡ್ರಲ್ಲ ಎಂದು ಅಳುತ್ತಿದ್ದರು. ಆಗ ಗೋದಾಮಿನ ಯೂನಿಫಾರಮ್ಮಿನಲ್ಲೇ ಅವನು ಬಂದ. ಬಗ್ಗಿ, ಎಡಗೈಯಲ್ಲಿ ಅಕ್ಕಿ ತೆಗೆದುಕೊಂಡ.

"ಎಡಗೈಲಿ ಹಾಕ್ಬಾರ್ದಪ್ಪ, ಬಲಗೈಲಿ ಹಾಕು" ಎಂದರು ಶಾಸ್ತ್ರ ಮಾಡಿಸುತ್ತಿದ್ದ ಹಿರಿಯರು.

ಅವನು ಅಕ್ಕಿಯನ್ನು ತಟ್ಟೆಗೆ ವಾಪಸ್ಸು ಹಾಕಿ, ಜೇಬಿನಿಂದ ಬಲಗೈ ತೆಗೆದ. ಅದರಲ್ಲಿ ಹೆಬ್ಬೆರಳು ಮಾತ್ರ ಇತ್ತು. ಹಿರಿಯರು ಗಾಬರಿಯಾಗಿ, ಏನಾಯ್ತಪ್ಪ ಎಂದರು. ಅವನು ಬಾಯಿ ಬಿಡುವುದರೊಳಗೆ ಮೈದುನ ಹೇಳಿದ: "ಹಳೇ ವಿಷ್ಯ ಬಿಡಿ. ಏನೋ ಮೆಷಿನ್ನಿಗೆ ಕೈ ಕೊಟ್ಬಿಟ್ರು ಪಾಪ."

ಅವನು ಮೈದುನನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ.

"ಕೈ ಕೊಡ್ಲಿಲ್ಲ" ಎಂದೆ. "ನಮ್ಮ ಮಾವ ಗುಂಡಿಗೆ ಕಟ್ಟಿಗೆ ಸಿಕ್ಕಿಸಿದ್ರು. ಅದಕ್ಕೆ ಹೋಯ್ತು. ತಪ್ಪು ಇವರ್ದು ಅಂತ ಸುಳ್ಳು ಹೇಳಿದ್ರು. ಹಾಗಂತ ಮಾವನೇ ನನ್ನ ಹತ್ರ ಹೇಳಿದಾರೆ."

ಅಳು ನಿಂತಿತು. ಅತ್ತೆ ಮಾವನ ಕೈಯನ್ನು ಮೆಲ್ಲಗೆ ಕೆಳಗಿಟ್ಟರು. ಇವತ್ತಿಗೂ ಅವರು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾರೆ, ಅದಕ್ಕೆ ನಾನು ಅವರನ್ನು ದೂರುವುದಿಲ್ಲ. ಅವನು ಮತ್ತೆ ಎಡಗೈಯಲ್ಲೇ ಅಕ್ಕಿ ತೆಗೆದುಕೊಂಡು ಮಾವನ ಬಾಯಿಗೆ ಹಾಕಿದ. ಯಾರೂ ಬೇಡವೆನ್ನಲಿಲ್ಲ.

ಗಂಡಸರು ಹೆಣ ಎತ್ತಿಕೊಂಡು ಹೋದ ಮೇಲೆ ಅವನು ಗೇಟಿನ ಬಳಿ ನಿಂತಿದ್ದ. ಎದೆಯ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಕಾಗದ ತೆಗೆದ. ಮಡಿಕೆಯಲ್ಲಿ ಸವೆದು ಹರಿಯುವ ಹಾಗಿತ್ತು. ಎಷ್ಟು ಜನಕ್ಕೆ ತೋರಿಸಿದ್ದನೋ. ಮಾವನ ಸಹಿಯ ಕೆಳಗೆ ಆ ಗೆರೆ ಹಾಗೇ ಇತ್ತು. ಗೇಟಿನ ಕಂಬಕ್ಕೆ ಕಾಗದ ಆನಿಸಿ, ಅವನ ಪೆನ್ನಿನಿಂದಲೇ ಸಹಿ ಹಾಕಿದೆ. ಬರೆದ ದಿನದ್ದೇ ತಾರೀಖು ಹಾಕಲೇ ಎಂದು ಕೇಳಿದೆ.

"ಇವತ್ತಿಂದು ಹಾಕ್ರಿ ಅಕ್ಕಾರ" ಎಂದ. "ನೀವು ಹೇಳಿದ್ದು ಇವತ್ತ ಅಲ್ಲೇನ್ರಿ?"