ಉಸಿರಿನ ಡಬ್ಬಿ

ನನಗೆ ಆಗ ಅರವತ್ತೆರಡು ವರ್ಷ. ಐದು ವರ್ಷದ ಹಿಂದಿನ ಮಾತು. ಗಂಡನ ಉಸಿರಿನ ಮಿಷನ್ನಿಗೆ ಹಾಕಬಾರದ ನೀರು ಹಾಕಿ ಅವರನ್ನು ಆಸ್ಪತ್ರೆ ಪಾಲು ಮಾಡಿದವಳು ನಾನು. ಆ ತಪ್ಪನ್ನು ಸೊಸೆ ನೀಲಾಳ ತಲೆಗೆ ಕಟ್ಟಿದವಳೂ ನಾನೇ.

ನಮ್ಮದು ಹೊನ್ನಾಳಿ. ಹಿಟ್ಟಿನ ಗಿರಣಿ ನಡೆಸುತ್ತಿದ್ದ ನಮ್ಮ ಯಜಮಾನರಿಗೆ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಲೇ ಉಸಿರು ನಿಂತುಬಿಡುತ್ತಿತ್ತು. ದಾವಣಗೆರೆಯ ಡಾಕ್ಟರು ಸಿಪ್ಯಾಪ್ ಅನ್ನುವ ಮಿಷನ್ ಬರೆದುಕೊಟ್ಟರು. ಮೂಗಿಗೆ ಮಾಸ್ಕು, ಅದಕ್ಕೊಂದು ಪೈಪು, ಮೂಗು ಒಣಗದಿರಲೆಂದು ನೀರಿನ ಡಬ್ಬಿ. ನೀಲಾ ದಿನಾ ಬೆಳಿಗ್ಗೆ ಹಳೇ ನೀರು ಚೆಲ್ಲಿ, ಎಲ್ಲವನ್ನೂ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುತ್ತಿದ್ದಳು. ಸಂಜೆ ಮೆಡಿಕಲ್ ಶಾಪಿನಿಂದ ತಂದ ಡಿಸ್ಟಿಲ್ಡ್ ವಾಟರ್ ತುಂಬುತ್ತಿದ್ದಳು.

ಆ ನೀರು ನನ್ನ ಮನಸ್ಸಿಗೆ ಒಗ್ಗಲಿಲ್ಲ. "ಲಾರಿ ಬ್ಯಾಟ್ರಿಗೆ ಹಾಕಾ ನೀರಲ್ವೇನೇ ಇದು? ನಿಮ್ಮ ಮಾವ ಏನು ಲಾರಿನಾ?" ಅಂದಿದ್ದೆ.

"ಗೊರಕೆ ಕೇಳಿದ್ರೆ ಲಾರಿನೇ ಬಿಡ್ರೀ ಅತ್ತೆ," ಅಂತ ನಕ್ಕಳು. ನಾನೂ ನಕ್ಕೆ. ಆಗ ನಾವಿಬ್ಬರೂ ಹಾಗಿದ್ದೆವು.

ತಂಗಿಯ ನಿಶ್ಚಿತಾರ್ಥಕ್ಕೆಂದು ಅವಳು ಹತ್ತು ದಿನದ ಮಟ್ಟಿಗೆ ತವರಿಗೆ, ಜಗಳೂರಿಗೆ ಹೊರಟಳು. ಹೊರಡುವ ಮೊದಲು ಬಚ್ಚಲಿನಲ್ಲಿ ನನ್ನನ್ನು ಕೂರಿಸಿಕೊಂಡು ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದಳು. "ಈ ಬಾಟ್ಲಿ ನೀರು ಬಿಟ್ರೆ ಬ್ಯಾರೆ ಹಾಕಬ್ಯಾಡ್ರಿ ಅತ್ತೆ. ಮುಗುದ್ರೆ ಕುದಿಸಿ ಆರಿಸಿದ್ದು ಹಾಕ್ರಿ."

ಹೂಂ ಅಂದೆ.

ಅವಳು ಹೋದ ಸಂಜೆಯೇ ಬಾಟ್ಲಿ ಮೂಲೆಗಿಟ್ಟೆ. ಬೆಳಿಗ್ಗೆ ಲಿಂಗಪೂಜೆ ಮಾಡಿ ಬಟ್ಟಲಲ್ಲಿ ಹಿಡಿದಿಟ್ಟ ಪಾದೋದಕವನ್ನು ಡಬ್ಬಿಗೆ ಸುರಿದೆ. ವಿಭೂತಿ ಬೆರೆತ ನೀರು — ಒಂದು ಗುಟುಕಿಗೇ ಒಳ್ಳೆಯದಾದರೆ, ರಾತ್ರಿಯಿಡೀ ಉಸಿರಿನೊಳಗೆ ಹೋದರೆ ಇನ್ನೆಷ್ಟು... ಹೀಗೆ ನನ್ನ ಬುದ್ಧಿ ಓಡಿತು. ತೊಳೆಯಲೂ ಇಲ್ಲ. ಪಾದೋದಕ ಬಿದ್ದ ಡಬ್ಬಿಗೆ ಸೋಪು ಹಚ್ಚಿ ಬಚ್ಚಲಿಗೆ ಚೆಲ್ಲುವುದುಂಟೇ? ಕಡಿಮೆಯಾದಷ್ಟನ್ನು ಮೇಲಿಂದ ತುಂಬುತ್ತಾ ಹೋದೆ. ತಳದಲ್ಲಿ ಲೋಳೆ ಕಟ್ಟಿತು. ಕಂಡೆ. ಕಂಡೂ — ಹಾಕಿದೆ.

ಮೊದಲು ಕೆಮ್ಮು, ಆಮೇಲೆ ಜ್ವರ, ಕೊನೆಗೆ ನೀರು ಕೇಳಲೂ ಅವರಿಗೆ ಉಸಿರು ಸಾಲದಾಯಿತು. ಮಗ ಮಲ್ಲೇಶ ದಾವಣಗೆರೆಗೆ ಹೊತ್ತೊಯ್ದ. ಡಾಕ್ಟರು ಮಿಷನ್ ತರಿಸಿ ಡಬ್ಬಿ ಮೂಸಿದರು. ಶ್ವಾಸಕೋಶಕ್ಕೆ ಸೋಂಕು ತಗುಲಿದೆ, ಈ ನೀರಿನಿಂದಲೇ ಇರಬೇಕು, ಜೀವದ ಬಗ್ಗೆ ಏನೂ ಹೇಳಲಾಗದು ಎಂದರು. "ಇದನ್ನು ಯಾರು ತೊಳೀತಾರೆ?" ಅಂತ ಕೇಳಿದರು.

ಸುದ್ದಿ ಕೇಳಿ ಜಗಳೂರಿನಿಂದ ನೇರ ಓಡಿಬಂದಿದ್ದ ನೀಲಾಳ ಕೈಯಲ್ಲಿ ಇನ್ನೂ ಬ್ಯಾಗಿತ್ತು. ಮಲ್ಲೇಶ ನನ್ನ ಮುಖ ನೋಡಿದ. ನಾನು ನಿಜ ಹೇಳಬಹುದಿತ್ತು. ಒಳಗೆ ಮಲಗಿದ್ದವರು ಉಳಿಯದಿದ್ದರೆ ನಾನು — ಗಂಡನನ್ನು...

"ಅವ್ಳು ಹಿಂಗೇ ಬಿಟ್ಟು ಹೋದ್ಲು ಕಣಪ್ಪ. ಹೆಂಗೆ ತೊಳ್ಯಾದು ಅಂತ ನಂಗೆ ಹೇಳ್ಕೊಡ್ಲೂ ಇಲ್ಲ."

"ಅತ್ತೆ! ನಿಮ್ಮ ಕೈಲೇ ಮಾಡ್ಸಿದ್ನಲ್ರೀ..."

ನಾನು ಸೆರಗು ಬಾಯಿಗಿಟ್ಟುಕೊಂಡು ಅಳು ತೆಗೆದೆ.

"ನಿಂಗೆ ನಿಮ್ಮ ತಂಗಿನೇ ಹೆಚ್ಚಾದ್ಲು. ಇನ್ಮೇಲೆ ಅಪ್ಪನ ಸಾಮಾನು ಮುಟ್ಟಿಗಿಟ್ಟೀಯ, ಜೋಕೆ," ಅಂದ ಮಲ್ಲೇಶ, ವಾರ್ಡಿನವರೆಲ್ಲ ಕೇಳುವಂತೆ.

ಯಜಮಾನರು ಬದುಕಿದರು. ಇವತ್ತಿಗೂ ಆ ಮಿಷನ್ ಹಾಕಿಕೊಂಡೇ ಮಲಗುತ್ತಾರೆ. ನೀಲಾ ಅದರ ಹತ್ತಿರ ಸುಳಿಯುವುದಿಲ್ಲ. ನನಗೆ ಊಟ ಬಡಿಸುತ್ತಾಳೆ, ಕಾಲು ನೋವೆಂದರೆ ಎಣ್ಣೆ ಹಚ್ಚುತ್ತಾಳೆ, ನಗುವುದಿಲ್ಲ. ಮಠದಲ್ಲಿ ಕಾಯಿ ಒಡೆಸಿದೆ, ಉಪವಾಸ ಮಾಡಿದೆ — ಅವಳೆದುರು ಮಾತ್ರ ಬಾಯಿ ಬಿಡಲಿಲ್ಲ. ನಾನು ಬರೆದ ಈ ವಕ್ರ ಅಕ್ಷರಗಳನ್ನು ಮಲ್ಲೇಶನ ಕೈಗೇ ಕೊಡುತ್ತೇನೆ. ಅವಳೆದುರು ಗಟ್ಟಿಯಾಗಿ ಓದಲಿ.

ಇನ್ನೊಂದಿದೆ. ಅದನ್ನು ಬಿಟ್ಟರೆ ಇದೂ ಸುಳ್ಳಾದೀತು.

ಆಸ್ಪತ್ರೆಯಲ್ಲಿ ಆ ಮಾತಾದ ಸಂಜೆಯೇ, ಮಲ್ಲೇಶನನ್ನು ಅಲ್ಲಿ ಬಿಟ್ಟು, ಅತ್ತೆ ಸೊಸೆ ಇಬ್ಬರೂ ಮಿಷನ್ ಹಿಡಿದು ಬಸ್ಸಿನಲ್ಲಿ ಊರಿಗೆ ಬಂದೆವು. ಮಾರನೇ ದಿನ ಬೆಳಿಗ್ಗೆ ನಾನೇ ಎಲ್ಲವನ್ನೂ ಬಚ್ಚಲಿಗೆ ಒಯ್ದೆ. ಮೊದಲು ಮಾಸ್ಕು, ಆಮೇಲೆ ಡಬ್ಬಿ, ಆಮೇಲೆ ಪೈಪಿನೊಳಗೆ ಸೋಪಿನ ನೀರು ಬಿಟ್ಟು ಎರಡೂ ತುದಿ ಹಿಡಿದು ಅಲ್ಲಾಡಿಸಿದೆ. ನೀಲಾ ಕಲಿಸಿದ್ದರಲ್ಲಿ ಒಂದನ್ನೂ ಮರೆತಿರಲಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ಅವಳು. ಅಪ್ಪನ ಬಟ್ಟೆ ಒಯ್ಯಲು ಬಂದಿದ್ದ ಮಲ್ಲೇಶ ಅವಳ ಹಿಂದೆ ನಿಂತು ಅಂದ: "ನೋಡು. ಯಾರೂ ಹೇಳ್ಕೊಡ್ದಿದ್ರೂ ಅವ್ವ ಹೆಂಗೆ ತೊಳೀತಾಳೆ."

ನಾನು ಡಬ್ಬಿಯನ್ನು ನೆರಳಿನಲ್ಲಿ ಬೋರಲು ಹಾಕಿ, ನೀಲಾಳ ಪಕ್ಕದಿಂದ ನುಸುಳಿಕೊಂಡು ಒಳಗೆ ಹೋದೆ.